ಮೇಲಿಗೂ ಒಂದು ಸಹಿ

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಒಂದು ಮಾತಿತ್ತು: "ಲಕ್ಷ್ಮಯ್ಯನ ಮನೇಲಿ ಕರಿಬೇವು ಇಸ್ಕೊಳ್ಳೋಕೆ ಹೋಗ್ತೀಯಾ? ಪೆನ್ನು ತಗೊಂಡು ಹೋಗು."

ಸುಳ್ಳಲ್ಲ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಟಪಾಲು ಹಂಚಿದ ಮನುಷ್ಯ. ಕಾಗದ ಕೊಟ್ಟರು, ಪುಸ್ತಕ ಚಾಚಿದರು, ಸಹಿ ಹಾಕಿಸಿಕೊಂಡರು. ಆ ಕೈ ಮನೆಗೆ ಬಂದಮೇಲೂ ಸುಮ್ಮನಿರುತ್ತಿರಲಿಲ್ಲ. ಎದುರುಮನೆಯ ವಿಶಾಲಾಕ್ಷಮ್ಮ ಹೆಪ್ಪಿಗೆಂದು ಒಂದು ಚಮಚ ಮಜ್ಜಿಗೆ ಪಡೆದು ಸಹಿ ಹಾಕಿದ್ದೂ ಉಂಟು.

ನಿವೃತ್ತಿಗೆ ಹದಿನೈದು ದಿನವಿದ್ದಾಗ ಸೂಪರಿಂಟೆಂಡೆಂಟ್ ಹೇಮಶ್ರೀ ಕರೆದರು. "ಲಕ್ಷ್ಮಯ್ಯನವ್ರೇ, ಈಗ ಯಾರೂ ಕಾಗದ ಬರೆಯಲ್ಲ. ವಿಭಾಗಕ್ಕೆಲ್ಲ ಒಂದೇ ಇಮೇಲ್ ಇರ್ಲಿ, ಐದೂ ಜನ ನೋಡೋಣ. ನೀವೇ ಶುರು ಮಾಡ್ಕೊಟ್ಟು ಹೋಗಿ."

ಲಕ್ಷ್ಮಯ್ಯ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ ಇನ್‌ಬಾಕ್ಸ್ ತೆರೆದರು. ಪಾಸ್‌ವರ್ಡನ್ನು ಐದು ಚೀಟಿಯಲ್ಲಿ ಬರೆದು ಹಂಚಿ, ಐದು ಸಹಿ ಪಡೆದರು.

"ಬಂದ ಮೇಲಿಗೆ ಸಹಿ ಯಾರು ಹಾಕ್ತೀರಾ?" ಎಂದು ಕೇಳಿದರು. ವಿಭಾಗವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲವಂತೆ. ಐದು ಜನಕ್ಕೂ ಸಾಯಲಿಲ್ಲ. ನಿವೃತ್ತಿಯ ಮುನ್ನಾದಿನ, ಗುರುವಾರ, ಲಕ್ಷ್ಮಯ್ಯ ನೋಡಿದರೆ ಬಿಂದುಶ್ರೀ ಎಂಬ ಹುಡುಗಿಯ ಮೇಲ್ ನಾಲ್ಕನೇ ಸಲ ಬಂದು ಕೂತಿದೆ. ಶುಕ್ರವಾರ ಹತ್ತು ಗಂಟೆಗೆ ಮಲ್ಲೇಶ್ವರದ ಕಾಲೇಜೊಂದರಲ್ಲಿ ಸಂದರ್ಶನ. ಪದವಿ ಪ್ರಮಾಣಪತ್ರದ ಮೂಲ ಪ್ರತಿ ಇಲ್ಲದಿದ್ದರೆ ಕೆಲಸವಿಲ್ಲ. "ದಯವಿಟ್ಟು ಯಾರಾದರೂ ಉತ್ತರಿಸಿ."

"ರವಿಕುಮಾರ್ ಸಾರ್, ಇದನ್ನ ನೋಡಿದ್ರಾ?"

"ನೋಡ್ದೆ. ಅಷ್ಟರಲ್ಲಿ ಯಾರೋ ಓಪನ್ ಮಾಡಿದ್ರು. ಸರ್ವಮಂಗಳಾ ಮೇಡಂ ಕಳಿಸಿರ್ತಾರೆ ಅಂದ್ಕೊಂಡೆ."

"ಅಯ್ಯೋ, ನಾನು ನಿಮ್ಮನ್ನ ನಂಬ್ಕೊಂಡು ಕಾಫಿಗೆ ಹೋದೆ!" ಪಕ್ಕದ ಮೇಜಿನಿಂದ ಸರ್ವಮಂಗಳಾ ಕೂಗಿದರು.

ಲಕ್ಷ್ಮಯ್ಯ ಮೇಲನ್ನು ಪ್ರಿಂಟ್ ತೆಗೆದರು, ಸೀಲು ಒತ್ತಿದರು, ನಂಬರು ಹಾಕಿ ಟಪಾಲು ಪುಸ್ತಕ ಚಾಚಿದರು. ರವಿಕುಮಾರ್ ಅಭ್ಯಾಸಬಲದಿಂದ ಸಹಿ ಹಾಕಿಬಿಟ್ಟರು. ಹಾಕಿದ ಮೇಲೆ ತಪ್ಪಿಸಿಕೊಳ್ಳುವುದೆಲ್ಲಿಗೆ? ಸಂಜೆ ಐದಕ್ಕೆ ಪ್ರಮಾಣಪತ್ರ ಸಿದ್ಧ. ಹೇಮಶ್ರೀ ತಾವೇ ಒಂದು ಹೊಸ ಟಪಾಲು ಪುಸ್ತಕ ತರಿಸಿ, ದನ ಕಟ್ಟಿದ ಹಾಗೆ ಕಂಪ್ಯೂಟರಿಗೆ ಹುರಿಯಲ್ಲಿ ಕಟ್ಟಿಸಿದರು.

ಲಕ್ಷ್ಮಯ್ಯ ಹುಡುಗಿಗೆ ಫೋನ್ ಮಾಡಿದರು. "ಕಾಲೇಜ್ ಗೇಟಲ್ಲಿ ನಿಂತಿರಮ್ಮ. ಒಂಬತ್ತೂವರೆಗೆ ನಾನೇ ತಂದ್ಕೊಡ್ತೀನಿ."

ಮರುದಿನ ಬೆಳಿಗ್ಗೆ ಕೆಲಸಕ್ಕೆಂದು ಕೊನೆಯ ಸಲ ಹೊರಟರು. ಕೈಯಲ್ಲಿ ಲಕೋಟೆ, ಕಂಕುಳಲ್ಲಿ ಹಳೇ ಪುಸ್ತಕ. ಹೊಸ್ತಿಲಲ್ಲಿ ಹೆಂಡತಿ ಪಾರ್ವತಮ್ಮ ಊಟದ ಡಬ್ಬಿ ಹಿಡಿದು ಅಡ್ಡ ನಿಂತಿದ್ದರು.

"ಹಾರ ಹಾಕಿಸ್ಕೊಳ್ಳೋ ದಿನಾನೂ ಆ ಪುಸ್ತಕ ಬೇಕೇನ್ರೀ?"

"ಆ ಮಗು ಸಹಿ ಹಾಕ್ಬೇಕಲ್ಲೇ."

"ಹಂಗಾದ್ರೆ ಮೊದ್ಲು ನೀವು ಇಲ್ಲಿ ಹಾಕಿ." ಪಾರ್ವತಮ್ಮ ಬೆನ್ನ ಹಿಂದಿನಿಂದ ಒಂದು ನೋಟ್‌ಬುಕ್ ತೆಗೆದರು. "ಡಬ್ಬಿ ಒಂದು, ಮುಚ್ಚಳ ಒಂದು, ಚಮಚ ಒಂದು. ಇಷ್ಟು ವರ್ಷದಲ್ಲಿ ಒಂಬತ್ತು ಡಬ್ಬಿ ಕಳ್ಕೊಂಡು ಬಂದಿದೀರಿ."

ಲಕ್ಷ್ಮಯ್ಯ ಕನ್ನಡಕ ಏರಿಸಿ ಓದಿದರು. ಡಬ್ಬಿ ಬಿಚ್ಚಿ ಚಮಚ ಇದೆಯೇ ನೋಡಿದರು. ಸಹಿ ಹಾಕಿ, ಕೆಳಗೆ ತಾರೀಖನ್ನೂ ಬರೆದು, ಮಲ್ಲೇಶ್ವರದ ಬಸ್ಸಿಗೆ ನಡೆದರು.