ಪಟ್ಟೆಮೀನಿನ ಕೊನೆಯ ಗಂಡು

ಜರ್ಮನಿಯ ನೆಕರ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ದೀಪಗಳು ತಾವಾಗಿಯೇ ಹತ್ತಿಕೊಳ್ಳುತ್ತವೆ. ಇಲ್ಲಿನ ಮೀನುಗಳಿಗೆ ಅದೇ ಬೆಳಗು, ಮೊಟ್ಟೆಯಿಡುವ ಹೊತ್ತು. ರೋಸ್ವಿಟಾ ಹೇಗಲೆ ಪುಟ್ಟ ತೊಟ್ಟಿಯ ನಡುವಿನ ತಡೆಯನ್ನು ಮೆಲ್ಲಗೆ ಎತ್ತುತ್ತಾರೆ. ಆಚೆ ಎಳೆಯ ಹೆಣ್ಣುಮೀನು, ಈಚೆ ಬೆನ್ನು ಬಾಗಿದ ಮುದಿ ಗಂಡು. ಅದರ ಬಾಲದ ತುದಿಯಲ್ಲಿ ಬಣ್ಣವೇ ಇಲ್ಲ.

"ಹೋಗೋ ಮುದಿಯಾ, ಈ ವಯಸ್ಸಲ್ಲಿ ಎಂಥಾ ನಾಚ್ಕೆ? ನನ್ನ ಮಾನ ಉಳಿಸು!"

ರೋಸ್ವಿಟಾ ಇಲ್ಲಿ ಮೀನು ಸಾಕುವವರು. ಪಟ್ಟೆಮೀನಿನ ಬಾಲ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ, ಕಪ್ಪು ಪಟ್ಟೆಯೂ ಮರಳುತ್ತದೆ. ಈ ಮುದಿಯನ ವಂಶದಲ್ಲಿ ಮಾತ್ರ ಒಂದು ಜೀನ್ ಕೆಟ್ಟಿದೆ. ಬೆಚ್ಚನೆಯ ನೀರಿನಲ್ಲಿ ಬಾಲ ಬೆಳೆಯುತ್ತದೆ, ಬಣ್ಣ ಬರುವುದಿಲ್ಲ; ತಂಪು ನೀರಿಗೆ ಬಿಟ್ಟರೆ ಬರುತ್ತದೆ. ಬಣ್ಣದ ಜೀವಕೋಶಗಳು ಎಲ್ಲಿಂದ ಹುಟ್ಟುತ್ತವೆಂದು ತಿಳಿಯಲು ಇಂಥ ಮೀನೇ ಬೇಕು. ಈ ಪ್ರಯೋಗಾಲಯದ ಪ್ರೊಫೆಸರ್ ಕ್ನಾಪ್ ಹೆಸರು ಮಾಡಿದ್ದೇ ಇದರಿಂದ. ರೋಸ್ವಿಟಾ ಹೆಸರು ಎಲ್ಲೂ ಅಚ್ಚಾಗಿಲ್ಲ. ಹಬ್ಬವಿರಲಿ, ಜ್ವರವಿರಲಿ, ಮೀನಿನ ಹೊಟ್ಟೆ ಕೇಳುತ್ತದೆಯೇ? ಕ್ರಿಸ್‌ಮಸ್ ಬೆಳಗ್ಗೆಯೂ ಅವಕ್ಕೆ ಸೀಗಡಿಮರಿ ತಿನ್ನಿಸಿಯೇ ಮನೆಗೆ ಹೋದವರು ಇವರು.

ಕಳೆದ ಚಳಿಗಾಲದಲ್ಲಿ ಬೇನೆ ಬಡಿದು ಆ ವಂಶವೇ ತೊಳೆದುಹೋಯಿತು. ಉಳಿದದ್ದು ಇದೊಂದು ಗಂಡು. ಪ್ರೊಫೆಸರ್ ನಿವೃತ್ತರಾಗುತ್ತಿದ್ದಾರೆ, ಶುಕ್ರವಾರ ಕೋಣೆ ಖಾಲಿ ಮಾಡಬೇಕು. ಇವತ್ತು ಮೊಟ್ಟೆ ಫಲಿಸಿದರೆ ಬೇರೆ ಊರಿನ ಪ್ರಯೋಗಾಲಯ ಮರಿಗಳನ್ನು ಒಯ್ಯುತ್ತದೆ. ಇಲ್ಲದಿದ್ದರೆ ವಂಶ ಇಲ್ಲಿಗೇ ನಿಂತಂತೆ.

ಬೆಣ್ಣೆ ಸವರಿದ ಬ್ರೆಟ್ಸೆಲ್ ರೊಟ್ಟಿ ರೋಸ್ವಿಟಾ ಕೈಯಲ್ಲೇ ಒಣಗುತ್ತಿದೆ. ಹೆಣ್ಣು ಮೊಟ್ಟೆಗಳನ್ನೇನೋ ಇಟ್ಟಿದೆ. ಹೊತ್ತೇರುತ್ತಿದ್ದಂತೆ ಅವು ಒಂದೊಂದಾಗಿ ಸುಣ್ಣದಂತೆ ಬಿಳಿಚಿಕೊಳ್ಳುತ್ತವೆ.

"ಒಂದೂ ಫಲಿಸಿಲ್ಲ, ಪ್ರೊಫೆಸರೇ."

ಕ್ನಾಪ್ ಬಗ್ಗಿ ನೋಡಿ, ಕನ್ನಡಕ ತೆಗೆಯುತ್ತಾರೆ. "ನೀವು ಬಹಳ ಚೆನ್ನಾಗಿ ಸಾಕಿದ್ರಿ, ಹೇಗಲೆಯವರೇ."

ಅಷ್ಟು ಕೇಳಿದ್ದೇ ತಡ, ರೋಸ್ವಿಟಾ ಕಣ್ಣು ತುಂಬುತ್ತದೆ. ಪ್ರೊಫೆಸರ್ ಹೋದ ಮೇಲೆ ಮೂಗೊರೆಸಿಕೊಂಡು ತೊಟ್ಟಿಯ ಮುದಿಯನಿಗೆ ಹೇಳುತ್ತಾರೆ: "ನಮ್ಮ ಈ ಶ್ವಾಬಿಯಾ ಸೀಮೆಯೋರು ಹೊಗಳೋರಲ್ಲ. ಬೈದಿಲ್ಲ ಅಂದ್ರೆ ಅದೇ ಹೊಗಳಿಕೆ. ಇಷ್ಟು ವರ್ಷ ಪ್ರೊಫೆಸರು ಹೊಗಳಿ ಒಂದು ಮಾತೂ ಆಡ್ಲಿಲ್ಲ, ನಾನೂ ಹಾಯಾಗಿದ್ದೆ. ಇವತ್ತು ಬಾಯಿಬಿಟ್ಟು ಹೊಗಳಿದ್ರಲ್ಲ, ಆಗ್ಲೇ ಗೊತ್ತಾಯ್ತು, ಎಲ್ಲಾ ಮುಗೀತು ಅಂತ."

ಇನ್ನು ಮುದಿಯನನ್ನು ಔಷಧದ ನೀರಿನಲ್ಲಿ ಶಾಶ್ವತವಾಗಿ ಮಲಗಿಸಬೇಕು. ಆ ಕೆಲಸವೂ ಇವರದೇ. ಅದಕ್ಕೆ ಮೊದಲು ಅವರು ಪ್ರೊಫೆಸರರನ್ನು ಬೇಡಿಕೊಂಡಿರುವುದು ಇಷ್ಟೇ:

"ಶುಕ್ರವಾರದವರೆಗೂ ತಂಪು ನೀರಲ್ಲಿ ಇರ್ಲಿ. ಪ್ರಯೋಗಕ್ಕೆ ಅಂತ ಬಾಲ ಕತ್ತರಿಸಿದೋಳು ನಾನೇ ಅಲ್ವಾ? ಪಟ್ಟೆ ಚೂರಾದ್ರೂ ಮೂಡ್ಲಿ. ಬೋಳು ಬಾಲದಲ್ಲಿ ಅದನ್ನ ಕಳಿಸೋಕೆ ನಂಗೆ ಮನಸ್ಸು ಬರಲ್ಲ."