ಹದಿನೈದನೇ ತಾರೀಖಿನ ಸಂಜೆ ಹಾಲು

ಮೊನ್ನೆ ಮನೆಯಲ್ಲಿ, ಕಂಪನಿಯ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ ತಾರೀಖಿನ ಫಿಲ್ಟರ್ ಸರಿಮಾಡುತ್ತ ಕೂತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂತು. ಓಡಿಹೋಗಿ ಒಲೆ ಆರಿಸಿದೆ. ವಾಸನೆ ಮಾತ್ರ ಹೋಗಲಿಲ್ಲ... ಡೈರಿ ಅಕ್ಕ ನೆನಪಾದರು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಹಾಸನದಲ್ಲಿ ಊರೂರಿನ ಹಾಲು ಕೊಳ್ಳುವ ಸಣ್ಣ ಕಂಪನಿಯೊಂದರಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಇಡೀ ಆಫೀಸಿನಲ್ಲಿ ಎಕ್ಸೆಲ್ ಬರುತ್ತಿದ್ದುದು ನನಗೊಬ್ಬನಿಗೇ, ಜಂಭಕ್ಕೆ ಕೇಳಬೇಕೆ! ಕೊಣನೂರಿನ ಆಚೆಯ ಒಂದು ಊರಲ್ಲಿ ಒಂದನೇ ತಾರೀಖು ಹೊಸದಾಗಿ ಡೈರಿ ತೆರೆದೆವು. ಹಾಲು ಅಳೆದು ಪುಸ್ತಕದಲ್ಲಿ ಬರೆಯುವ ಕೆಲಸ ಆ ಊರಿನ ಹೆಂಗಸೊಬ್ಬರದು. ಎಲ್ಲರ ಬಾಯಲ್ಲೂ ಅವರು ಡೈರಿ ಅಕ್ಕ.

ಹದಿನೇಳಕ್ಕೆ ಮೊದಲ ವರದಿ ತೆಗೆದೆ. ಒಂದರಿಂದ ಹದಿನೈದರವರೆಗೆ ಫಿಲ್ಟರ್ ಹಾಕಿ, ಅಕ್ಕ ಬರೆದ ಲೀಟರಿನಲ್ಲಿ ನಮಗೆ ಬಂದ ಲೀಟರ್ ಕಳೆಯುವ ಫಾರ್ಮುಲಾ ಕೊಟ್ಟೆ. ನಲವತ್ತು ಲೀಟರ್ ಕಡಿಮೆ! ಕೆಂಪು ಬಣ್ಣ ಬೇರೆ ಹಚ್ಚಿ ಮ್ಯಾನೇಜರ ಮೇಜಿನ ಮೇಲಿಟ್ಟೆ. ಮರುದಿನವೇ ಅಕ್ಕನನ್ನು ಬಿಡಿಸಿ ಬೇರೆಯವರನ್ನು ಕೂರಿಸಿದರು. ಹಾಲು ಕದ್ದಳು ಅಂತ ಊರೆಲ್ಲ ಆಡಿಕೊಂಡಿತು.

ಅಕ್ಕ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೇರ ನನ್ನ ಮೇಜಿಗೇ ಬಂದರು.

"ಸಾ, ನಮ್ಮೂರಿಗೆ ಗಾಡಿ ಬರೋದು ಬೆಳಗ್ಗೆ ಒಂದೇ ಸಲ. ಸಂಜೆ ಆಲಿನ ಕ್ಯಾನು ನೀರಿನ ತೊಟ್ಟೀಲಿ ಇಟ್ಟು ಬೆಳಗ್ಗೆ ಕಳಿಸ್ತೀವಿ. ಹದಿನೈದ್ರ ಸಂಜೆ ಆಲು ನಿಮಗೆ ಬಂದಿದ್ದು ಹದಿನಾರಕ್ಕೆ. ಅದನ್ಯಾಕ್ ಸಾ ಸೇರಿಸ್ನಿಲ್ಲ?"

ಹದಿನಾರನೇ ತಾರೀಖು ತೆಗೆದು ನೋಡಿದೆ. ಸಂಜೆಯ ಕ್ಯಾನಿನ ನಲವತ್ತು ಲೀಟರ್ ಅಲ್ಲೇ ಇತ್ತು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಮ್ಯಾನೇಜರಿಗೆ ಹೇಳಿದೆ. "ಹೊಸಬರು ಕೂತಾಯ್ತಲ್ಲ, ಬಿಡಿ" ಅಂದರು. ಅಕ್ಕ ಅದಕ್ಕೂ ಜಗಳ ತೆಗೆಯಲಿಲ್ಲ.

"ಕೆಲ್ಸ ಓದ್ರೆ ಓಗ್ಲಿ ಸಾ. ನಮ್ಮನೆ ಆಲು ಡೈರಿಗೆ ಆಕಕ್ಕೆ ಓದ್ರೆ ಎಲ್ರೂ ನನ್ನನ್ನೇ ಒಂಥರಾ ನೋಡ್ತಾರೆ. ನೀವೇ ಒಂದ್ಸಲ ಬಂದು, ಕದ್ದಿಲ್ಲ ಅಂತ ನಾಕ್ ಜನದ ಮುಂದೆ ಏಳ್ಬುಡಿ, ಸಾಕು."

ಭಾನುವಾರ ಬರುತ್ತೇನೆ ಅಂದೆ. ಹೋಗಲಿಲ್ಲ. ಊರವರ ಮುಂದೆ ತಪ್ಪೊಪ್ಪಿಕೊಳ್ಳಲು ನಾಚಿಕೆಯಾಯಿತು. ಮುಂದಿನ ವಾರ ಅಂದುಕೊಂಡೆ... ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾಗಿದ್ದು ಅವರ ಹೆಸರು. ಆಮೇಲೆ ನಾನು ಆ ಕೆಲಸವನ್ನೇ ಬಿಟ್ಟೆ.

ಈಗ ಹೊಸಬರಿಗೆ ಡ್ಯಾಶ್‌ಬೋರ್ಡ್ ಕಲಿಸುತ್ತೇನೆ. ಫಿಲ್ಟರ್ ಹಾಕುವ ಮುಂಚೆ, ಅಲ್ಲಿಯವರ ದಿನ ಯಾವಾಗ ಮುಗಿಯುತ್ತದೆ ಅಂತ ಕೇಳಿ ಅನ್ನುತ್ತೇನೆ.

ಮೊನ್ನೆ ಆ ಸೀದ ಪಾತ್ರೆ ಉಜ್ಜಿಟ್ಟು ಪೇಟೆಗೆ ಹೋದವನಿಗೆ ಬಸ್‌ಸ್ಟ್ಯಾಂಡಿನಲ್ಲಿ, ಆಗ ನಮ್ಮ ಆಫೀಸಿಗೆ ಬರುತ್ತಿದ್ದ ಆ ಊರಿನವರೊಬ್ಬರು ಸಿಕ್ಕರು. ಡೈರಿ ಅಕ್ಕ ಹೇಗಿದ್ದಾರೆ ಅಂತ ಕೇಳಿದೆ.

"ಯಾರು, ಆ ಆಲು ಕದ್ದೋಳಾ? ತೀರ್ಕಂಡು ನಾಕ್ ವರ್ಷ ಆಯ್ತು ಕಣ್ರೀ."

ಕದ್ದಿರಲಿಲ್ಲ, ತಪ್ಪು ನನ್ನದು ಅಂದೆ. ಅವರು ಆಗಲೇ ಬಸ್ಸು ಹತ್ತಿದ್ದರು.