ಹಸು ಬಿಟ್ಟ ಹುಲ್ಲಿನ ಬೂದಿ

ಬಂಗಾರಪೇಟೆ ಹತ್ತಿರದ ಆಂಡರ್ಸನ್‌ಪೇಟೆಯ ಅಂಗಡಿಯಲ್ಲಿ ಸಣ್ಣ ಕಣ್ಣಿನ ಜರಡಿ ಬೇಕೆಂದು ಕನ್ನಡದಲ್ಲಿ ಕೇಳಿದೆ. ಅಂಗಡಿಯವರು ತಮಿಳಿನಲ್ಲಿ ಏನೋ ಕೇಳಿದರು. ಪಕ್ಕದಲ್ಲಿದ್ದ ಹೆಂಗಸು ಅದನ್ನು ನನಗೆ ತೆಲುಗಿನಲ್ಲಿ ವಿವರಿಸಿದರು. ಧಾರವಾಡದಿಂದ ರೈಲು ಹತ್ತಿ, ರಾಜ್ಯದ ಗಡಿಯನ್ನೂ ದಾಟದೆ ಬಂದಿದ್ದ ನಾನು ಗಾಳಿಯಲ್ಲಿ ಕೈ ಆಡಿಸಿ ಜರಡಿ ತೋರಿಸಬೇಕಾಯಿತು.

ಗಂಡನಿಗೆ ಬಂಗಾರಪೇಟೆಗೆ ವರ್ಗವಾಗಿ ನಾವಿಲ್ಲಿಗೆ ಬಂದದ್ದು. ಅದಕ್ಕೆ ಮೊದಲು ಹತ್ತು ವರ್ಷ, ಜಪಾನಿನಲ್ಲಿ ಕಲಿತು ಬಂದ ಗುರುಗಳೊಬ್ಬರ ಬಳಿ ಪಿಂಗಾಣಿ ಬಟ್ಟಲು, ಹಿಡಿಯಿಲ್ಲದ ಚಹಾ ಲೋಟ ಮಾಡುತ್ತಿದ್ದೆ. ಜಪಾನಿನವರು ಭತ್ತದ ಹುಲ್ಲಿನ ಬೂದಿಗೆ ‘ವಾರಾಬಾಯ್’ ಎನ್ನುತ್ತಾರೆ. ಅದಕ್ಕೆ ಕಲ್ಲಿನ ಪುಡಿ ಬೆರೆಸಿ, ನೀರಲ್ಲಿ ಕದಡಿ, ಬಟ್ಟಲಿಗೆ ಬಳಿದು ಸುಟ್ಟರೆ ಹಾಲಿನಂಥ ಹೊಳಪು ಬರುತ್ತದೆ. ರಾಗಿ ಹುಲ್ಲಿನಿಂದ ಏನು ಬಂದೀತು ಎಂದು ನೋಡುವ ಆಸೆ ನನಗೆ.

ಬಾಡಿಗೆ ಮನೆಯಲ್ಲಿ ಬಟ್ಟಲು ಸುಡುವ ಸೌದೆಯ ಗೂಡು ಕಟ್ಟಲು ಯಾರು ಬಿಡುತ್ತಾರೆ? ನಮಗೆ ಹಾಲು ಕೊಡುವ ಮುನಿಯಮ್ಮ ಹತ್ತಿರದ ಹಳ್ಳಿಯವರು, ನಾಲ್ಕು ಹಸು ಸಾಕಿಕೊಂಡವರು. ಕೊಟ್ಟಿಗೆಯ ಹಿಂದೆ ಜಾಗ ಕೊಟ್ಟರು. ಅಲ್ಲಿ ಗೂಡು ಎದ್ದಿತು.

ಒಂದು ಬೆಳಿಗ್ಗೆ ಅವರು ಡೇರಿಗೆ ಹಾಲು ಹಾಕಲು ಹೋಗಿದ್ದಾಗ, ಬಣವೆಯಿಂದ ರಾಗಿ ಹುಲ್ಲಿನ ನಾಲ್ಕು ಕಂತೆ ಎಳೆದು ಸುಟ್ಟೆ. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಅವರು ಬಂದು ಹೊಗೆಯ ಮುಂದೆ ನಿಂತರು.

"ಅಸ ತಿನ್ನೋ ಉಲ್ಲು ಸುಟ್ಯೇನಮ್ಮ?" ದನಿ ಏರಿಸಲಿಲ್ಲ. "ನಿಮ್ಮೂರ್ನಾಗೆ ಇಂಗೇ ಮಾಡ್ತೀರಾ?"

ನಮ್ಮೂರಲ್ಲೂ ಜೋಳದ ಕಣಿಕೆಯನ್ನು ದನದ ಬಾಯಿಂದ ಕಿತ್ತು ಯಾರೂ ಸುಡುವುದಿಲ್ಲ. ಹೊಸ ಊರಿನಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ನನ್ನ ಪ್ರಯೋಗಕ್ಕೇ ಇದೆ ಎಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು. "ತಪ್ಪಾತ್ರೀ ಅಮ್ಮಾ" ಎಂದೆ. ಅವರು ಒಳಗೆ ಹೋದರು. ನಾಲ್ಕು ದಿನ ಹಾಲು ಅವರ ಸೊಸೆಯ ಕೈಯಲ್ಲಿ ಬಂತು. ಗೂಡು ಬಿಚ್ಚಬೇಕಾದೀತು ಎಂದು ಗಂಡನಿಗೆ ಹೇಳಿ ಅತ್ತುಬಿಟ್ಟೆ.

ಐದನೆಯ ದಿನ ಅವರೇ ಬಂದರು.

"ಅಸ ಬಿಟ್ಟಿರೋ ಗಟ್ಟಿ ದಂಟು, ಕಾಲಾಗೆ ತುಳ್ದಿರೋದು, ತಿಪ್ಪೆಗೆ ಆಕ್ತೀನಲ್ಲ, ಅದಾಯ್ತದಾ ನಿಂಗೆ?"

"ಆಗ್ತದ್ರೀ."

"ಒಣಗಿಸ್ಕೋ ಮತ್ತೆ. ಕೇಳಿದ್ರೆ ನಾನು ಕೊಡ್ದೆ ಇರ್ತಿದ್ನಾ?"

ಒಣಗಿಸಿದೆ, ಸುಟ್ಟೆ, ಬೂದಿ ಸೋಸಿ, ಕಲ್ಲಿನ ಪುಡಿ ಬೆರೆಸಿ ಬಟ್ಟಲುಗಳಿಗೆ ಬಳಿದೆ. ಬೆಳಗಿನಿಂದ ಸಂಜೆಯವರೆಗೆ ನೀಲಗಿರಿ ಸೌದೆ ಹಾಕಿ ಗೂಡು ಉರಿಸಿದೆ. ಮಧ್ಯಾಹ್ನ ಮುನಿಯಮ್ಮ ಮುದ್ದೆ, ಅವರೆಕಾಳು ಸಾರು ತಂದರು. ರೊಟ್ಟಿ ಅಗಿದು ಬೆಳೆದ ನನಗೆ ಮುದ್ದೆ ನುಂಗುವುದನ್ನು ಕಲಿಸಿದವರೂ ಅವರೇ. ಎರಡು ದಿನ ಆರಲು ಬಿಟ್ಟು ಗೂಡು ತೆರೆದರೆ ಆರು ಬಟ್ಟಲು ಬಿರಿದಿದ್ದವು. ಉಳಿದವುಗಳ ಮೈಮೇಲೆ ಮೋಡ ಕವಿದಂಥ ಬೂದು ನೀಲಿ, ಅಂಚಿನಲ್ಲಿ ಕೆಂಪು ಚುಕ್ಕೆ. ಇಂಥ ಬಣ್ಣ ಹತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ. ಮುನಿಯಮ್ಮ ಒಂದನ್ನು ಆರಿಸಿಕೊಂಡು ಬೆರಳಿನಿಂದ ತಟ್ಟಿ ನೋಡಿದರು. "ಮುದ್ದೆ ಸೆಂದಾಗಿ ಕೂತ್ಕೊಂತದೆ" ಎಂದರು.

ಬಟ್ಟಲಿನ ಬುಡದಲ್ಲಿ, ಹಸಿ ಇರುವಾಗಲೇ, ಮಾಡಿದ ಊರಿನ ಗುರುತು ಗೀರುವುದು ನಮ್ಮ ಗುರುಗಳು ಕಲಿಸಿದ ರೂಢಿ. ಈ ಸಲ ನಾನು ‘ಬಂ’ ಎಂದು ಗೀರಿದ್ದೆ. ಕಳೆದ ತಿಂಗಳು ಧಾರವಾಡಕ್ಕೆ ಹೋದಾಗ ಅಕ್ಕನಿಗೊಂದು ಒಯ್ದೆ. ಅವಳು ಬುಡ ತಿರುವಿ ನೋಡಿದಳು.

"ಬಂ ಅಂದ್ರ?"

"ಬಂಗಾರಪೇಟೆ."

"ಮತ್ತ ನಿನ್ನ ಊರು ಇದಲ್ಲೇನ?"

"ಇದೂ ಹೌದು."

ಅಕ್ಕ ಅದರಲ್ಲೇ ಮೊಸರು ಹಾಕಿ, ರೊಟ್ಟಿಯ ಜೊತೆ ನನ್ನ ಮುಂದಿಟ್ಟಳು. "ಊರಿಗೆ ಯಾವಾಗ ಹೊಂಟಿ?" ಎಂದು ಕೇಳಿದಳು.

"ನಾಡದ" ಎಂದೆ. ಅವಳು ಊರು ಎಂದದ್ದು ಯಾವುದನ್ನು ಎಂಬುದು ರೊಟ್ಟಿ ಮುರಿದ ಮೇಲೆ ಹೊಳೆಯಿತು.